ಗಾಜಿನ ಪೆಟ್ಟಿಗೆಯೊಳಗಿನ ನಾಡು



ಶಾಲೆಯ ಪ್ರವಾಸದಲ್ಲಿ ನೀವು ಒಮ್ಮೆಯಾದರೂ ವಸ್ತುಸಂಗ್ರಹಾಲಯಕ್ಕೆ ಹೋಗಿರುತ್ತೀರಿ. ಸಾಲಾಗಿ ಒಳಗೆ ಹೋಗಿ, 'ಮುಟ್ಟಬೇಡಿ' ಎಂಬ ಫಲಕಗಳನ್ನು ಓದಿ, ಅರ್ಧ ಗಂಟೆಯಲ್ಲಿ ಸಾಲಾಗಿ ಹೊರಬಂದು ಬುತ್ತಿ ಬಿಚ್ಚಿರುತ್ತೀರಿ. ಒಳಗೆ ಏನಿತ್ತು ಎಂದು ಮನೆಯಲ್ಲಿ ಕೇಳಿದರೆ 'ಮೂಗು ಒಡೆದ ವಿಗ್ರಹಗಳು, ಕತ್ತಿಗಳು' ಎಂದಿರುತ್ತೀರಿ. ತಪ್ಪು ನಿಮ್ಮದಲ್ಲ. ನೂರಾರು ವಸ್ತುಗಳನ್ನು ಅರ್ಧ ಗಂಟೆಯಲ್ಲಿ ನೋಡಹೊರಟರೆ ಯಾರಿಗಾದರೂ ಆಗುವುದು ಅಷ್ಟೇ.

ಒಂದೇ ಒಂದು ವಸ್ತುವಿನ ಮುಂದೆ ನಿಲ್ಲೋಣ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಸ್ಥಾಪನೆಯಾದದ್ದು. ಅದರ ಸಂಗ್ರಹದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಒಂದು ಕಲ್ಲಿದೆ. ಅದರ ಮೇಲೆ ಒಂದು ನಾಯಿ ಕಾಡುಹಂದಿಯೊಡನೆ ಸೆಣಸುತ್ತಿದೆ. ಜೊತೆಗೆ ಹಳಗನ್ನಡದ ಬರಹವಿದೆ. ಓದಲು ಬಾರದವರು ಬೇಟೆಯ ದೃಶ್ಯವೆಂದುಕೊಂಡು ಮುಂದೆ ಹೋಗುತ್ತಾರೆ. ಬರಹ ಹೇಳುವ ಕಥೆಯೇ ಬೇರೆ. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ಯುದ್ಧವಾಯಿತು. ಗಂಗರ ಇಮ್ಮಡಿ ಬೂತುಗ ಕೃಷ್ಣನ ಪಕ್ಷದಲ್ಲಿದ್ದ. ರಾಜಾದಿತ್ಯ ರಣರಂಗದಲ್ಲೇ ಮಡಿದ. ಬೂತುಗನ ಸೇವಕ ಮಣಲೇರನ ಶೌರ್ಯಕ್ಕೆ ಮೆಚ್ಚಿ, ಏನು ಬೇಕೋ ಬೇಡಿಕೋ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಮಣಲೇರ ತನ್ನ ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟ. ಪಠ್ಯಪುಸ್ತಕದಲ್ಲಿ ಈ ಯುದ್ಧಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು. ನಾಯಿಗಂತೂ ಜಾಗವೇ ಇಲ್ಲ.

ಇನ್ನು ದೆಹಲಿಗೆ ಹೋಗೋಣ. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂ 1814ರಷ್ಟು ಹಳೆಯದು; ಮದರಾಸಿನದು 1851ರದು. ಆದರೆ ಸ್ವಾತಂತ್ರ್ಯ ಬಂದಾಗ ರಾಜಧಾನಿಯಲ್ಲಿ ರಾಷ್ಟ್ರೀಯ ಸಂಗ್ರಹಾಲಯ ಇರಲಿಲ್ಲ. 1947-48ರ ಚಳಿಗಾಲದಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ನಮ್ಮ ಕಲೆಯ ದೊಡ್ಡ ಪ್ರದರ್ಶನ ನಡೆಯಿತು. ದೇಶದ ನಾನಾ ಸಂಗ್ರಹಗಳಿಂದ ಆರಿಸಿದ ವಸ್ತುಗಳು ಹಡಗೇರಿ ಹೋಗಿದ್ದವು. ಅವು ಹಿಂದಿರುಗಿದಾಗ, ನಮ್ಮ ಜನರೂ ನೋಡಲಿ ಎಂದು ಈಗಿನ ರಾಷ್ಟ್ರಪತಿ ಭವನದ ಕೋಣೆಗಳಲ್ಲಿ ಪ್ರದರ್ಶಿಸಿದರು. ಒಂದೆಡೆ ಕೂಡಿದ್ದನ್ನು ಮತ್ತೆ ಚದುರಿಸುವುದೇಕೆ ಎಂಬ ಯೋಚನೆಯಿಂದಲೇ ರಾಷ್ಟ್ರೀಯ ವಸ್ತುಸಂಗ್ರಹಾಲಯ ಹುಟ್ಟಿತು. 1949ರ ಆಗಸ್ಟ್ 15ರಂದು ಗವರ್ನರ್ ಜನರಲ್ ರಾಜಾಜಿಯವರು ಅದನ್ನು ಉದ್ಘಾಟಿಸಿದರು. ಜನಪಥದಲ್ಲಿ ಅದಕ್ಕೆ ಸ್ವಂತ ಕಟ್ಟಡ ಸಿಕ್ಕಿದ್ದು 1960ರಲ್ಲಿ.

ಒಂದೆಡೆ ಕೂಡಿಸುವ ಈ ಕೆಲಸ ನಡೆದ ಹೊತ್ತಿನಲ್ಲೇ ಇನ್ನೊಂದೆಡೆ ಹಂಚುವ ಕೆಲಸವೂ ನಡೆಯುತ್ತಿತ್ತು. ದೇಶ ವಿಭಜನೆಯಾದಾಗ ಮೊಹೆಂಜೊದಾರೋ ಪಾಕಿಸ್ತಾನಕ್ಕೆ ಸೇರಿತು. ಆದರೆ ಅಲ್ಲಿ ಅಗೆದು ತೆಗೆದ ಎಷ್ಟೋ ವಸ್ತುಗಳು ದೆಹಲಿಯಲ್ಲಿದ್ದವು. 1926ರಲ್ಲಿ ಸಿಕ್ಕಿದ ಕಂಚಿನ 'ನರ್ತಕಿ' ನಮ್ಮ ಪಾಲಿಗೆ ಬಂದಳು. ಗಡ್ಡದ 'ಪುರೋಹಿತ-ರಾಜ' ಅವರ ಪಾಲಾಗಿ ಕರಾಚಿ ಸೇರಿದ. ಅಷ್ಟಾದರೆ ಒಪ್ಪಬಹುದು. ಚಿನ್ನ ಮತ್ತು ಬೆಲೆಬಾಳುವ ಕಲ್ಲುಗಳ ಒಂದು ಹಾರವನ್ನು ಮಣಿಗಳನ್ನು ಬೇರ್ಪಡಿಸಿ ಎರಡು ಪಾಲು ಮಾಡಿದರು. ಕೆಂಪು ಕಾರ್ನೀಲಿಯನ್ ಮಣಿಗಳ ಒಡ್ಯಾಣಕ್ಕೂ ಇದೇ ಗತಿಯಾಯಿತು. ಯಾವ ಹೆಣ್ಣುಮಗಳ ಕೊರಳಲ್ಲಿತ್ತೋ ಆ ಹಾರ, ನಾಲ್ಕು ಸಾವಿರ ವರ್ಷಗಳಿಗೂ ಮಿಕ್ಕಿ ಮಣ್ಣಿನಡಿಯಲ್ಲಿ ಉಳಿದಿತ್ತು. ಮೇಲೆ ಬಂದ ಕಾಲು ಶತಮಾನದೊಳಗೆ ಎರಡಾಯಿತು. ಅದನ್ನು ಇಡಿಯಾಗಿ ಒಂದು ಕಡೆ ಇಟ್ಟು ಆಗಾಗ ಎರವಲು ಕೊಡಬಹುದಿತ್ತು ಎಂಬುದು ನನ್ನ ಅಭಿಪ್ರಾಯ. ಆ ದಿನಗಳ ಕಾವಿನಲ್ಲಿ ಹಾಗೆ ಹೇಳುವುದು ಸುಲಭವಿರಲಿಲ್ಲವೇನೋ.

ನರ್ತಕಿಯ ಎತ್ತರ ಕೇವಲ ಹತ್ತೂವರೆ ಸೆಂಟಿಮೀಟರು, ನಿಮ್ಮ ಅಂಗೈಯಲ್ಲಿ ನಿಲ್ಲುವಷ್ಟು. ವಿಜ್ಞಾನ ಓದುವವರು ಕೇಳಬೇಕಾದ ಪ್ರಶ್ನೆ, ಇದನ್ನು ಎರಕ ಹೊಯ್ದದ್ದು ಹೇಗೆ ಎಂಬುದು. ಮೊದಲು ಮೇಣದಲ್ಲಿ ಬೊಂಬೆ ಮಾಡಿ ಅದರ ಮೇಲೆ ಜೇಡಿಮಣ್ಣು ಮೆತ್ತಿ ಒಣಗಿಸಬೇಕು. ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ. ಉಳಿದ ಪೊಳ್ಳಿಗೆ ಕರಗಿದ ಲೋಹ ಹೊಯ್ದು, ಆರಿದ ಮೇಲೆ ಅಚ್ಚನ್ನು ಒಡೆಯಬೇಕು. ಹೀಗಾಗಿ ಒಂದು ಅಚ್ಚಿನಿಂದ ಒಂದೇ ವಿಗ್ರಹ. ನಮ್ಮ ಶಿಲ್ಪಶಾಸ್ತ್ರಗಳು ಇದನ್ನು ಮಧೂಚ್ಛಿಷ್ಟ ವಿಧಾನವೆಂದು ಕರೆದಿವೆ, ಮಧೂಚ್ಛಿಷ್ಟವೆಂದರೆ ಜೇನುಮೇಣ. ಮದರಾಸಿನ ಸಂಗ್ರಹಾಲಯದಲ್ಲಿರುವ ಚೋಳರ ಕಾಲದ ನಟರಾಜರನ್ನೂ ಹೀಗೆಯೇ ಮಾಡಿದ್ದು. ತಮಿಳುನಾಡಿನ ಸ್ವಾಮಿಮಲೈಯ ಸ್ಥಪತಿಗಳು ಇಂದಿಗೂ ಹೀಗೆಯೇ ಮಾಡುತ್ತಾರೆ.

ಕಂಚಿಗೂ ರೋಗ ಬರುತ್ತದೆ. ಮಣ್ಣಿನಲ್ಲಿರುವ ಉಪ್ಪಿನಿಂದ ಲೋಹದೊಳಗೆ ಕ್ಲೋರೈಡ್ ಸೇರಿಕೊಂಡರೆ, ಗಾಳಿಯ ತೇವ ತಾಗಿದಾಗ ತಿಳಿಹಸಿರು ಪುಡಿ ಏಳಲಾರಂಭಿಸುತ್ತದೆ. ಬಿಟ್ಟರೆ ಅದು ವಿಗ್ರಹವನ್ನು ತಿನ್ನುತ್ತಲೇ ಹೋಗುತ್ತದೆ. ಇದಕ್ಕೆ ಮದ್ದು ಮಾಡಲು ಮದರಾಸಿನಲ್ಲಿ 1930ರ ದಶಕದಲ್ಲೇ ರಸಾಯನ ಪ್ರಯೋಗಾಲಯವಿತ್ತು. ರಸಾಯನಶಾಸ್ತ್ರ ಓದಿ ಮುಂದೇನು ಎಂದು ಕೇಳುವವರಿಗೆ ನಾನು ಈ ಮಾತನ್ನು ತಪ್ಪದೆ ಹೇಳುತ್ತೇನೆ.

ನನ್ನದೇ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಮ್ಯೂಸಿಯಮ್ಮಿನಲ್ಲಿ ಕಾಗದದ ಮೇಲಿನ ಹಳೆಯ ಕಿರುಚಿತ್ರಗಳನ್ನು ಚಿತ್ರೀಕರಿಸಲು ಹೋಗಿದ್ದೆವು. ಕೋಣೆ ಮಬ್ಬಾಗಿತ್ತು. ನಮ್ಮವರು ಸಾವಿರ ವ್ಯಾಟಿನ ಎರಡು ದೀಪ ಹಚ್ಚಿದ ಕೂಡಲೇ ಅಲ್ಲಿನ ಕ್ಯುರೇಟರ್ ಓಡಿಬಂದು ಆರಿಸಿಸಿದರು. ಸಮಯ ಹಾಳಾಯಿತೆಂದು ನಾನು ರೇಗಾಡಿದೆ. ಅವರು ಜಗಳಕ್ಕೆ ನಿಲ್ಲಲಿಲ್ಲ. ಒಂದು ಚಿತ್ರದ ಚೌಕಟ್ಟು ಬಿಚ್ಚಿ ತೋರಿಸಿದರು. ಚೌಕಟ್ಟಿನ ಅಂಚಿನಡಿ ಬೆಳಕು ಬೀಳದ ಕಡೆ ಬಣ್ಣ ಕಡುಗೆಂಪು. ಉಳಿದ ಕಡೆ ತೆಳು ಗುಲಾಬಿ. ಬೆಳಕಿನಿಂದ ಮಾಸಿದ ಬಣ್ಣ ಹಿಂದಕ್ಕೆ ಬರುವುದಿಲ್ಲ. ಇಂದು ಬಿದ್ದ ಬೆಳಕಿಗೆ ನಾಳೆಯದೂ ಸೇರಿ ಹಾನಿ ಬೆಳೆಯುತ್ತಲೇ ಇರುತ್ತದೆ. ಅದಕ್ಕೇ ಇಂತಹ ಚಿತ್ರಗಳಿಗೆ 50 ಲಕ್ಸ್ ಬೆಳಕು ಸಾಕೆನ್ನುತ್ತಾರೆ. ಹೊರಗಿನ ಬಿರುಬಿಸಿಲು ಒಂದು ಲಕ್ಷ ಲಕ್ಸ್‌ನಷ್ಟಿರುತ್ತದೆ. ವಿಜ್ಞಾನದ ಪದವೀಧರನಾದ ನನಗೆ ಇದು ಗೊತ್ತಿರಬೇಕಿತ್ತು. ಆ ದಿನ ಕ್ಯಾಮೆರಾವನ್ನು ಮಡಚಿಟ್ಟು, ಕಣ್ಣು ಮಬ್ಬಿಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಂತು ಚಿತ್ರ ನೋಡಿದೆವು. ಆನೆಯ ಕಿವಿಯ ಮೇಲಿನ ಒಂದೊಂದು ಕೂದಲೂ ಕಂಡಿತು.

ಈ ಸಲ ಹೋದಾಗ ಎರಡು ವಸ್ತು ಆರಿಸಿಕೊಳ್ಳಿ, ಸಾಕು. ಲೇಬಲ್ಲಿನಲ್ಲಿ ಕಾಲದ ಜೊತೆಗೆ ಸಿಕ್ಕಿದ ಊರು ಯಾವುದು, ಯಾವ ಕಲ್ಲು ಅಥವಾ ಲೋಹ ಎಂಬುದನ್ನೂ ಓದಿ. ಆ ಊರು ನಿಮ್ಮ ಜಿಲ್ಲೆಯದೇ ಆಗಿದ್ದರೆ ಅಲ್ಲಿ ಈಗ ಏನಿದೆ ಎಂದು ವಿಚಾರಿಸಿ. ನೋಟ್ ಪುಸ್ತಕ, ಪೆನ್ಸಿಲ್ ಒಯ್ಯಿರಿ. ಒರಟಾಗಿಯಾದರೂ ಚಿತ್ರ ಬರೆಯಿರಿ. ಫೋಟೋಗೆ ಅನುಮತಿ ಇದ್ದರೂ ಫ್ಲ್ಯಾಶ್ ಬೇಡ. ಸೋಮವಾರ ಮಾತ್ರ ಹೊರಡಬೇಡಿ. ನಮ್ಮ ಬಹುಪಾಲು ಮ್ಯೂಸಿಯಮ್ಮುಗಳಿಗೆ ಅಂದು ರಜ.