ಬಿ.ಕಾಂ ಓದಿದವಳು ಜರ್ಮನಿಯಲ್ಲಿ ನರ್ಸ್ ಆಗಬಹುದಾ?

ದಾವಣಗೆರೆಯಲ್ಲಿ ನನ್ನ ಅಕ್ಕನ ಮಗಳಿದ್ದಾಳೆ. ಬಿ.ಕಾಂ ಮುಗಿಸಿ ಎರಡು ವರ್ಷ ಆಡಿಟರ್ ಆಫೀಸಿನಲ್ಲಿ ಜಿಎಸ್‌ಟಿ ರಿಟರ್ನ್ ತುಂಬಿದವಳು. ಒಂದು ಭಾನುವಾರ ಫೋನ್ ಮಾಡಿ, "ಮಾಮ, ನಾನು ಜರ್ಮನಿಗೆ ಹೋಗಿ ನರ್ಸ್ ಆಗ್ತೀನಿ" ಅಂದಳು. ಅಷ್ಟರಲ್ಲಿ ಭಾವ ಫೋನ್ ಕಿತ್ತುಕೊಂಡರು. "ಡಿಗ್ರಿ ಮಾಡ್ಸಿದ್ದು ಯಾರೋ ಮುದುಕರ ಬಟ್ಟೆ ಬದಲಾಯಿಸೋಕಾ? ನೀನಾದ್ರೂ ಬುದ್ಧಿ ಹೇಳಪ್ಪ."

ಬುದ್ಧಿ ಹೇಳೋಕೆ ಮೊದಲು ನನಗೆ ವಿಷಯ ಗೊತ್ತಿರಬೇಕಲ್ಲ? ನಿಜ ಹೇಳ್ತೀನಿ, ಗೊತ್ತಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಜರ್ಮನಿಯ ಚಾನ್ಸಲರ್ ಓಲಾಫ್ ಶೋಲ್ಜ್ ದೆಹಲಿಗೆ ಬಂದಿದ್ದಾಗ, ನುರಿತ ಭಾರತೀಯರಿಗೆ ಕೊಡುವ ವೀಸಾ ವರ್ಷಕ್ಕೆ 20,000ದಿಂದ 90,000ಕ್ಕೆ ಏರುತ್ತೆ ಅನ್ನೋ ಸುದ್ದಿಯನ್ನ ಗಂಟಲು ಹರಿಯುವ ಹಾಗೆ ಓದಿದವನು ನಾನೇ. ಆದರೆ 'ನುರಿತ' ಅನ್ನೋ ಆ ಒಂದು ಪದದ ಬಗ್ಗೆ ಯೋಚಿಸಿರಲಿಲ್ಲ. ಟ್ಯಾಲಿ ಗೊತ್ತಿರೋ ಹುಡುಗಿ ಆಸ್ಪತ್ರೆಯಲ್ಲಿ ನುರಿತವಳಾಗೋದು ಹೇಗೆ?

ಅದಕ್ಕೆ ಅಲ್ಲಿ ಒಂದು ದಾರಿ ಇದೆ. ಹೆಸರು ಆಸ್‌ಬಿಲ್ಡುಂಗ್. ನಮ್ಮ ಐಟಿಐ ಮತ್ತು ಅಪ್ರೆಂಟಿಸ್‌ಶಿಪ್ ಎರಡನ್ನೂ ಒಟ್ಟಿಗೆ ಕಟ್ಟಿದ ಹಾಗೆ. 2020ರ ಜನವರಿಯಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ನರ್ಸಿಂಗ್ ತರಬೇತಿ ಮೂರು ವರ್ಷ. ತರಗತಿಯಲ್ಲಿ ಕನಿಷ್ಠ 2,100 ಗಂಟೆ, ರೋಗಿಗಳ ಮಧ್ಯೆ 2,500 ಗಂಟೆ. ಆಸ್ಪತ್ರೆ, ವೃದ್ಧಾಶ್ರಮ, ಮಕ್ಕಳ ವಿಭಾಗ, ಮನೋರೋಗ ವಿಭಾಗ, ಮನೆಗೇ ಹೋಗಿ ಮಾಡುವ ಶುಶ್ರೂಷೆ, ಎಲ್ಲ ಕಡೆ ತಿರುಗಬೇಕು. ಫೀಸ್ ಇಲ್ಲ. ಬದಲಿಗೆ ಅವರೇ ಸಂಬಳ ಕೊಡ್ತಾರೆ. ಸರ್ಕಾರಿ ಆಸ್ಪತ್ರೆಗಳ ವೇತನ ಒಪ್ಪಂದದಲ್ಲಿ 2024ರಲ್ಲಿ ಮೊದಲ ವರ್ಷದವರಿಗೆ ತಿಂಗಳಿಗೆ ಸುಮಾರು 1,340 ಯುರೋ ಇತ್ತು. ವಿಮೆ, ಪಿಂಚಣಿ ಕಳೆದು ಕೈಗೆ ಬರೋದು ಸಾವಿರದ ಚಿಲ್ಲರೆ. ಅದರಲ್ಲೇ ಬಾಡಿಗೆ, ಅದರಲ್ಲೇ ಊಟ. ಊರಿಗೆ ಹಣ ಕಳಿಸ್ತೀನಿ ಅನ್ನೋ ಕನಸನ್ನ ಮೂರು ವರ್ಷ ಮಡಚಿಡಿ.

ಕಾಮರ್ಸ್ ಓದಿದ್ದು ಅಡ್ಡಿಯಾ? ಇಲ್ಲ. ಅವರು ಕೇಳೋದು ಹತ್ತು ವರ್ಷದ ಸಾಮಾನ್ಯ ಶಾಲಾ ಶಿಕ್ಷಣಕ್ಕೆ ಸಮ ಅಂತ ಅಲ್ಲಿ ಒಪ್ಪುವ ಸರ್ಟಿಫಿಕೇಟ್. ಅಂದಹಾಗೆ, ನಮ್ಮಲ್ಲೂ ಪಿಯುಸಿ ಕಾಮರ್ಸ್‌ನವರಿಗೆ ಬಿ.ಎಸ್ಸಿ ನರ್ಸಿಂಗ್ ಬಾಗಿಲು ಮುಚ್ಚಿದ್ದರೂ ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾಗೆ ಸೇರಬಹುದು. ಇದು ಎಷ್ಟು ಜನಕ್ಕೆ ಗೊತ್ತು?

ಡಿಗ್ರಿ ಇದೆಯಲ್ಲ, ಬೇರೆ ದೇಶ ಯಾಕಾಗಬಾರದು ಅಂತ ಕೇಳಬಹುದು. ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಬೇರೆ ವಿಷಯದ ಪದವೀಧರರಿಗೂ ಎರಡು ವರ್ಷದ ನರ್ಸಿಂಗ್ ಮಾಸ್ಟರ್ಸ್ ಉಂಟು, ಆದರೆ ಫೀಸ್ ಲಕ್ಷಗಳ ಲೆಕ್ಕ. ಅಮೆರಿಕದಲ್ಲಿ ವೇಗದ ಕೋರ್ಸ್ ಇದೆ, ಅದಕ್ಕೆ ಮೊದಲು ಅನಾಟಮಿ, ಮೈಕ್ರೋಬಯಾಲಜಿ ಪಾಸಾಗಬೇಕು. ಮುಗಿದ ಮೇಲೆ ಭಾರತೀಯರ ಗ್ರೀನ್ ಕಾರ್ಡ್ ಸರದಿ ಇದ್ದೇ ಇದೆ. ಪಬ್ಲಿಕ್ ಹೆಲ್ತ್ ಮಾಸ್ಟರ್ಸ್ ಮಾಡಿದರೆ ಆಸ್ಪತ್ರೆಯಲ್ಲಿ ರೋಗಿಗಳನ್ನ ನೋಡ್ಕೋಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದರಿಂದ ನರ್ಸ್ ಆಗಿ ನೋಂದಣಿ ಸಿಗಲ್ಲ.

ಈಗ ಏಜೆಂಟ್ ವಿಷಯಕ್ಕೆ ಬರೋಣ. ನಮ್ಮ ಹುಡುಗಿಗೆ ಸಿಕ್ಕ ಪುಣ್ಯಾತ್ಮ ಆರು ಲಕ್ಷ ಕೇಳಿದ್ದ. "ಭಾಷೆ ಅಲ್ಲಿಗೆ ಹೋದ್ಮೇಲೆ ತಾನಾಗೇ ಬರುತ್ತೆ" ಅಂದಿದ್ದ. ಬರಲ್ಲ ಸ್ವಾಮಿ! ವೀಸಾಗೇ ಸಾಮಾನ್ಯವಾಗಿ ಬಿ1 ಮಟ್ಟದ ಜರ್ಮನ್ ಬೇಕು, ಎಷ್ಟೋ ಆಸ್ಪತ್ರೆಗಳು ಬಿ2 ಕೇಳ್ತಾವೆ. ನೋವಲ್ಲಿರೋ ಎಂಬತ್ತರ ಅಜ್ಜಿ ತನ್ನ ಊರಿನ ಆಡುಮಾತಲ್ಲಿ ಗೊಣಗಿದ್ದು ಅರ್ಥ ಆಗದಿದ್ದರೆ ತಪ್ಪು ಮಾತ್ರೆ ಕೊಟ್ಟುಬಿಡ್ತೀರಿ. ಮೊದಲ ಆರು ತಿಂಗಳು ಪ್ರೊಬೇಷನ್, ಆಗ ಒಪ್ಪಂದ ಮುರಿಯೋದು ಸುಲಭ. ಭಾಷೆ ಬರದವರಿಗೆ ಅಪಾಯ ಇರೋದು ಅಲ್ಲೇ. ಕೊನೆಗೆ ಮೂರು ಲಿಖಿತ ಪರೀಕ್ಷೆ, ಒಂದು ಮೌಖಿಕ, ಒಂದು ಪ್ರಾಯೋಗಿಕ. ಎಲ್ಲವೂ ಜರ್ಮನ್‌ನಲ್ಲಿ.

ಒಪ್ಪಂದದ ಕಾಗದ ತರಿಸಿ ನೋಡಿದೆ. ಅದರಲ್ಲಿದ್ದದ್ದು 'ಫ್ಲೇಗೆಹೆಲ್ಫರಿನ್'. ಅಂದರೆ ಸಹಾಯಕಿ! ಕಡಿಮೆ ಅವಧಿಯ ತರಬೇತಿ, ಕಡಿಮೆ ಸಂಬಳ. ಪೂರ್ತಿ ನರ್ಸ್ ಆಗಬೇಕಾದರೆ ಅಲ್ಲಿರಬೇಕಾದ ಪದ 'ಫ್ಲೇಗೆಫಾಖ್‌ಫ್ರಾವ್'. ಒಂದು ಪದ ತಪ್ಪಿದರೆ ದಾರಿಯೇ ಬೇರೆ. ಸದ್ಯ, ದುಡ್ಡು ಕೊಟ್ಟಿರಲಿಲ್ಲ.

ತರಬೇತಿ ಅಲ್ಲೇ ಮುಗಿಸಿ, ಕೆಲಸ ಹಿಡಿದು, ಉಳಿದ ಷರತ್ತು ಪೂರೈಸಿದವರು ಎರಡು ವರ್ಷಕ್ಕೆ ಕಾಯಂ ವಾಸದ ಪರವಾನಗಿ ಕೇಳಬಹುದು. ಆದರೆ ಇದು ಡಿಗ್ರಿ ಅಲ್ಲ. ವಾಪಸ್ ಬಂದರೆ ಇಲ್ಲಿ ನರ್ಸ್ ಅಂತ ನೋಂದಣಿಯೂ ತಾನಾಗಿ ಆಗಲ್ಲ. ಎರಡನ್ನೂ ಅವಳಿಗೆ ಹೇಳಿದೆ.

ಭಾವನಿಗೆ ಏನು ಹೇಳಿದೆ ಅಂತೀರಾ? ನಮ್ಮ ತಂದೆ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದಾಗ ರಾತ್ರಿ ಅವರ ಮಗ್ಗುಲು ತಿರುಗಿಸಿದ್ದು ನಾನೂ ಅಲ್ಲ, ನೀವೂ ಅಲ್ಲ ಭಾವ, ಕೇರಳದ ಒಬ್ಬ ಹುಡುಗಿ ಅಂದೆ. ಅವರು ಏನೂ ಮಾತಾಡಲಿಲ್ಲ.

ಅವಳೀಗ ಎ2 ಪಾಸಾಗಿದ್ದಾಳೆ. ಬೆಳಿಗ್ಗೆ ಜರ್ಮನ್ ಕ್ಲಾಸು, ಮಧ್ಯಾಹ್ನ ಅದೇ ಆಡಿಟರ್ ಆಫೀಸು. ಪರೀಕ್ಷೆ ಫೀಸ್ ಕಟ್ಟಿದ್ದು ಯಾರು ಅಂತ ಕೇಳಿದೆ. "ಅಪ್ಪ. ಆದ್ರೆ ನಿಮಗೆ ಹೇಳ್ಬೇಡ ಅಂದಿದಾರೆ" ಅಂದಳು.