ಪೊರೆ ಬಿಡುವ ಹಾವಿನ ಆರೈಕೆ

ಒಂದು ಸುಗ್ಗಿಯಲ್ಲಿ ನಾವು ಸಿರುಗುಪ್ಪದ ಸಮೀಪದ ಬಂಧುಗಳ ಮನೆಗೆ ಹೋಗಿದ್ದಾಗ, ಹಿತ್ತಲಿನ ಹುಲ್ಲಿನ ಬಣವೆಯ ಬುಡದಲ್ಲಿ ಮಾರುದ್ದದ ಕೇರೆಹಾವೊಂದು ಸುತ್ತಿಕೊಂಡು ಮಲಗಿದ್ದಿತು. ಮೈಯ ಬಣ್ಣ ಮಾಸಿದ್ದಿತು. ಕಣ್ಣುಗಳು ನೀಲಿ ಬೆರೆತ ಹಾಲಿನಂತೆ ಮಂಜಾಗಿದ್ದುವು. ಹುಡುಗರು ಕೋಲನ್ನು ಹುಡುಕಹೊರಟರು; ಅತ್ತೆಯವರು ನಾಗಪ್ಪನೆಂದೇ ಭಾವಿಸಿ ಬಟ್ಟಲಲ್ಲಿ ಹಾಲನ್ನು ತರಿಸಿದರು. ಗದ್ದೆಯ ಕೆಲಸದ ಹಿರಿಯನೊಬ್ಬನು ಇಬ್ಬರನ್ನೂ ತಡೆದು, ‘ಅಮ್ಮಾರೇ, ಅದರ ಕಣ್ಣಿಗೆ ಪೊರೆ ಬಂದೈತ್ರಿ. ನಾಕು ದಿನ ಅದರ ಪಾಡಿಗೆ ಬಿಡ್ರಿ, ತಾನೇ ಕಳಚಿಕೊಂತೈತಿ’ ಎಂದನು. ಈ ವಿಷಯದಲ್ಲಿ ತಿಳಿಯಬೇಕಾದುದರಲ್ಲಿ ಮುಕ್ಕಾಲು ಪಾಲು ಆ ಮಾತಿನಲ್ಲಿಯೇ ಇದ್ದಿತೆಂದು ನಮಗೆ ಆಮೇಲೆ ತಿಳಿಯಿತು.

ಮುದುಕರ ಕಣ್ಣಿಗೆ ಬರುವುದನ್ನೂ ಹಾವು ಬಿಡುವುದನ್ನೂ ನಮ್ಮ ಭಾಷೆಯು ಪೊರೆಯೆಂದೇ ಕರೆಯುವುದು. ಹಾವಿನ ಪೊರೆಯಾದರೋ ರೋಗವಲ್ಲ. ಹಾವಿಗೆ ಕಣ್ಣಿನ ರೆಪ್ಪೆಗಳಿಲ್ಲ. ಅವುಗಳಿಗೆ ಬದಲಾಗಿ ಗಾಜಿನಂತಹ ಒಂದು ಬಿಲ್ಲೆಯು ಕಣ್ಣನ್ನು ಸದಾ ಮುಚ್ಚಿರುತ್ತದೆ. ಹಳೆಯ ಚರ್ಮದ ಕೆಳಗೆ ಹೊಸದು ಸಿದ್ಧವಾದಾಗ ಎರಡರ ನಡುವೆ ಒಂದು ದ್ರವವು ಊರಿ ಅವನ್ನು ಬೇರೆಮಾಡುವುದು. ಕಣ್ಣಿನ ಬಿಲ್ಲೆಯೂ ಚರ್ಮದ ಭಾಗವೇ ಆದುದರಿಂದ ಅದು ಮಂಕಾಗುವುದು. ಆ ಕೆಲವು ದಿನ ಹಾವಿಗೆ ದೃಷ್ಟಿ ಮಂದ, ಆಹಾರ ಬೇಡ, ಮುಟ್ಟಿದರೆ ಸಿಟ್ಟು. ಅನಂತರ ಕಣ್ಣು ತಿಳಿಯಾಗುತ್ತದೆ. ಮತ್ತೆ ಮೂರು ನಾಲ್ಕು ದಿನಗಳಲ್ಲಿ ಹಾವು ಮೂತಿಯನ್ನು ಒರಟು ಕಲ್ಲಿಗೆ ಉಜ್ಜಿ, ತುಟಿಯ ಬಳಿ ಪೊರೆಯನ್ನು ಬಿಡಿಸಿಕೊಂಡು, ಕಾಲುಚೀಲವನ್ನು ಒಳಹೊರಗಾಗಿ ಕಳಚುವಂತೆ ಅದರಿಂದ ಹೊರಟುಬರುವುದು. ಎಳೆಯ ಹಾವು ಬೇಗ ಬೇಗ ಬೆಳೆಯುವುದರಿಂದ ಮೇಲಿಂದ ಮೇಲೆ ಪೊರೆ ಬಿಡುವುದು.

ಈ ಕೆಲಸಕ್ಕೆಲ್ಲ ತೇವವೇ ಮುಖ್ಯ. ಗಾಳಿ ಒಣಗಿದ್ದರೆ ನಡುವಿನ ದ್ರವವೂ ಆರಿ, ಪೊರೆಯು ಚೂರು ಚೂರಾಗಿ ಮೈಗೆ ಅಂಟಿಕೊಳ್ಳುತ್ತದೆ. ಬಳ್ಳಾರಿಯ ಬೇಸಗೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಷ್ಣವು 40 ಡಿಗ್ರಿಯನ್ನು ದಾಟಿದಾಗ ನಮ್ಮ ತುಟಿಗಳೇ ಸಿಪ್ಪೆಯೇಳುತ್ತವೆ. ಆದರೂ ಇಲ್ಲಿಯ ಹಾವುಗಳು ತಮಗೆ ಬೇಕಾದ ತಾವನ್ನು ಬಲ್ಲುವು. ಸಿರುಗುಪ್ಪದಲ್ಲಿ ಕಾಲುವೆಯ ನೀರು ಹರಿಯುವ ಭತ್ತದ ಗದ್ದೆಗಳ ಬದುಗಳುಂಟು, ಕುರುಗೋಡಿನ ಬೆಟ್ಟಗಳಲ್ಲಿ ಬಂಡೆಗಳ ನಡುವೆ ಬಿಸಿಲು ಕಾಣದ ಸಂದುಗಳುಂಟು, ಎಲ್ಲೆಡೆಯೂ ಹುತ್ತಗಳುಂಟು. ಗೆದ್ದಲು ಕಟ್ಟಿದ ಹುತ್ತದ ಒಳಗು ಹೊರಗಿಗಿಂತ ತಂಪಾಗಿಯೂ ತೇವವಾಗಿಯೂ ಇರುತ್ತದೆ. ಹುತ್ತದ ಮೇಲೆ ಬಿದ್ದಿರುವ ಹಾವಿನ ಪೊರೆಯನ್ನು ಬೃಹದಾರಣ್ಯಕೋಪನಿಷತ್ತು ಜೀವನು ಬಿಟ್ಟ ದೇಹಕ್ಕೆ ಹೋಲಿಸಿದೆ. ಹೇಳಿದವರು ಕಣ್ಣಾರೆ ಕಂಡೇ ಹೇಳಿರಬೇಕು.

ಹಾವನ್ನು ಮನೆಯಲ್ಲಿ ಸಾಕಬಹುದೆ ಎಂದು ಕೇಳುವ ಎಳೆಯರು ಈಗ ಅಲ್ಲಲ್ಲಿ ಇದ್ದಾರೆ. ನಾಗರ, ಕೇರೆ, ಹೆಬ್ಬಾವು ಮೊದಲಾದ ನಮ್ಮ ನಾಡಿನ ಹಾವುಗಳನ್ನು ಹಿಡಿದಿಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಿಷೇಧಿಸಿದೆ. 2022ರ ತಿದ್ದುಪಡಿಯು ಹೊರನಾಡಿನ ಅನೇಕ ಪ್ರಾಣಿಗಳನ್ನು ಸಾಕುವವರೂ ಸರ್ಕಾರದಲ್ಲಿ ನೋಂದಾಯಿಸಬೇಕೆಂದು ವಿಧಿಸಿತು. ಇಂಗ್ಲೆಂಡು, ಅಮೆರಿಕಗಳಲ್ಲಿ ಬಾಲ್ ಪೈಥಾನ್ ಎಂಬ ಆಫ್ರಿಕದ ಸಣ್ಣ ಹೆಬ್ಬಾವನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ವಾಡಿಕೆಯಿದೆ. ಅಲ್ಲಿ ನೆಲೆಸಿದ ನಮ್ಮವರ ಮಕ್ಕಳೂ ಇದಕ್ಕೆ ಮನಸೋತಾರು. ಅಂತಹವರಿಗಾಗಿ ನಾಲ್ಕು ಮಾತು.

ಕಣ್ಣು ಮಂಜಾದ ಕೂಡಲೆ ಹಾವನ್ನು ಎತ್ತುವುದನ್ನೂ ಉಣಿಸುವುದನ್ನೂ ನಿಲ್ಲಿಸತಕ್ಕದ್ದು. ಮೈ ಮುಳುಗುವಷ್ಟು ಅಗಲವಾದ ನೀರಿನ ತಟ್ಟೆ, ಒದ್ದೆ ಪಾಚಿಯನ್ನಾಗಲಿ ಬಟ್ಟೆಯನ್ನಾಗಲಿ ಹಾಸಿದ ಮುಚ್ಚಿದ ಡಬ್ಬಿ, ಉಜ್ಜಿಕೊಳ್ಳಲು ಒಂದು ಒರಟು ಕಲ್ಲು ಇಷ್ಟಿದ್ದರೆ ಸಾಕು. ನೆಲವೆಲ್ಲ ತೊಯ್ದು ನಾರುವಂತೆ ಮಾಡಬಾರದು. ಅದರಿಂದ ಹೊಟ್ಟೆಯ ಹುರುಪೆಗಳು ಹುಣ್ಣಾಗುವುವು. ಪೊರೆ ಬಿದ್ದ ಮೇಲೆ ಅದನ್ನು ಬಿಚ್ಚಿ ನೋಡಬೇಕು: ಎರಡು ಕಣ್ಣಿನ ಬಿಲ್ಲೆಗಳೂ ಬಾಲದ ತುದಿಯೂ ಅದರಲ್ಲಿರಬೇಕು. ಬಾಲದ ಮೇಲೆ ಉಂಗುರದಂತೆ ಉಳಿದ ಪೊರೆಯು ಒಣಗಿ ಬಿಗಿದು ರಕ್ತವನ್ನು ತಡೆದು ತುದಿಯನ್ನೇ ಕೊಲ್ಲಬಲ್ಲುದು. ಅದಕ್ಕೆ ಉಗುರುಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಒದ್ದೆ ಬಟ್ಟೆಯ ನಡುವೆ ತಾನಾಗಿ ನುಸುಳಿಹೋಗಗೊಡಬೇಕು. ಕಣ್ಣಿನ ಬಿಲ್ಲೆಯನ್ನು ಮಾತ್ರ ಉಗುರಿನಿಂದಾಗಲಿ ಚಿಮಟದಿಂದಾಗಲಿ ಕೀಳಕೂಡದು, ಕಣ್ಣೇ ಹೋದೀತು. ಅದು ಪಶುವೈದ್ಯರ ಕೆಲಸ.

ಹಾವಾಡಿಗರ ಬುಟ್ಟಿಯಲ್ಲಿ ಒಣಗಿದ ನಾಗರನಿಗೆ ಇವುಗಳಲ್ಲಿ ಯಾವುದೂ ಇದ್ದಿಲ್ಲ. ಪಂಚಮಿಗೆ ಮುಂಚೆ ನೀರಿಲ್ಲದೆ ಇಟ್ಟ ಹಾವು ಬಾಯಾರಿಕೆಯಿಂದ ಹಾಲಿಗೆ ಬಾಯಿಟ್ಟುದನ್ನು ಕಂಡು ನಾವು ಕೈಮುಗಿದೆವು. ಹಾವು ಹಾಲನ್ನು ಅರಗಿಸಿಕೊಳ್ಳಲಾರದು. ಈ ಮಾತಿಗೆ ಮನೆಯ ಹಿರಿಯರು ನೊಂದುಕೊಳ್ಳಬಾರದು. ಹುತ್ತದ ಬುಡಕ್ಕೆ ಅರಿಸಿನ ಹೂವುಗಳನ್ನಿಟ್ಟರೂ ಪೂಜೆಗೆ ಕುಂದಿಲ್ಲ.

ಮನೆಯ ಬಳಿ ಇಂತಹ ಹಾವು ಕಂಡರೆ ಸೀಮೆಎಣ್ಣೆಯನ್ನೂ ಫಿನಾಯಿಲನ್ನೂ ಸುರಿಯಬೇಡಿರಿ. ಅವು ಚರ್ಮವನ್ನು ಸುಡುವುವು. ಮಕ್ಕಳನ್ನೂ ದನಕರುಗಳನ್ನೂ ದೂರವಿಡಿರಿ. ಮಂದದೃಷ್ಟಿಯ ನಾಗರ ಅಂಜಿ ಬೇಗ ಕಚ್ಚೀತಾದುದರಿಂದ, ಅದು ಮನೆಯೊಳಗೆ ಬಂದಿದ್ದರೆ ಅರಣ್ಯ ಇಲಾಖೆಯವರನ್ನೇ ಕರೆಯಬೇಕು. ಕಚ್ಚಿದರೆ ಮಂತ್ರ, ಬೇರುಗಳಿಗೆ ಹೊತ್ತು ಕಳೆಯದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಸಿರುಗುಪ್ಪದ ಆ ಕೇರೆಹಾವು ಐದು ದಿನ ಬಣವೆಯ ಬಳಿಯಲ್ಲಿಯೇ ಇದ್ದಿತು. ಏಳನೆಯ ಬೆಳಗ್ಗೆ ಹಾವಿದ್ದಿಲ್ಲ. ಒರಳುಕಲ್ಲಿನ ಅಂಚಿನಿಂದ ಹುಲ್ಲಿನವರೆಗೆ ಪೊರೆಯು ಹರಿಯದೆ ಇಡಿಯಾಗಿ ಚಾಚಿದ್ದಿತು. ಹುಡುಗರು ಅಳೆದು, ಹಾವಿಗಿಂತ ಪೊರೆಯೇ ಉದ್ದವೆಂದು ಬೆರಗಾದರು. ಕಳಚುವಾಗ ಹುರುಪೆಗಳ ನಡುವಿನ ಮಡಿಕೆಗಳು ಬಿಚ್ಚಿ ಹಿಗ್ಗುವುದರಿಂದ ಹಾಗಾಗುವುದು. ಅತ್ತೆಯವರು ಕನ್ನಡಕವನ್ನು ತರಿಸಿ, ತಲೆಯ ಕಡೆಯ ಎರಡು ಬಿಲ್ಲೆಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮರುತಿಂಗಳು ಅವರ ಕಣ್ಣಿನ ಪೊರೆಯನ್ನು ಬಳ್ಳಾರಿಯಲ್ಲಿ ತೆಗೆಸುವುದೆಂದು ಆಗಲೇ ಗೊತ್ತಾಗಿದ್ದಿತು.