ಹೋಂ ನರ್ಸ್ ವೃತ್ತಿ: ಸೇವಾಭಾವದೊಡನೆ ಪ್ರಮಾಣಪತ್ರವೂ ಬೇಕು

ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. ಜಗದ್ಗುರು ದ್ವಿತೀಯ ಜಾನ್ ಪಾಲ್ ಅವರು 1992ರಲ್ಲಿ ಈ ದಿನವನ್ನು ವಿಶ್ವ ರೋಗಿಗಳ ದಿನವೆಂದು ಸಾರಿದರು. ಅಂದು ರೋಗಿಗಳಿಗಾಗಿ ಪೂಜೆ ಅರ್ಪಿಸುವಾಗ ವೈದ್ಯರನ್ನೂ ದಾದಿಯರನ್ನೂ ನೆನೆಯುವುದುಂಟು. ಆದರೆ ರೋಗಿಯ ಮಗ್ಗುಲಲ್ಲಿ ಹಗಲಿರುಳು ಕುಳಿತು ಮಲಮೂತ್ರ ತೆಗೆಯುವ, ಮೈ ಒರೆಸುವ, ತುತ್ತು ಉಣಿಸುವ ಇನ್ನೊಬ್ಬಳಿದ್ದಾಳೆ. ಆಸ್ಪತ್ರೆಯಲ್ಲಿ ಅವಳು ನರ್ಸಿಂಗ್ ಅಸಿಸ್ಟೆಂಟ್, ಮನೆಗೆ ಬಂದರೆ ಹೋಂ ನರ್ಸ್. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಥೊಲಿಕ ಕುಟುಂಬಗಳಿಗೆ ಈ ವೃತ್ತಿ ಅಪರಿಚಿತವೇನಲ್ಲ. ಅಡಿಕೆ ತೋಟದ ಆದಾಯ ಸಾಲದ ಮನೆಗಳಿಂದ, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರ ಮನೆಗಳಿಂದ ಎಷ್ಟೋ ಹೆಣ್ಣುಮಕ್ಕಳು ಈ ಹಾದಿ ಹಿಡಿದಿದ್ದಾರೆ.

ರೋಗಿಯ ಸೇವೆ ನಮ್ಮ ಧರ್ಮಪ್ರಾಂತ್ಯದಲ್ಲಿ ಹಳೆಯ ಪರಂಪರೆ. ಯೇಸುಸಭೆಯ ವಂ. ಆಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯಲ್ಲಿ ಆರಂಭಿಸಿದ ಹೋಮಿಯೋಪಥಿ ಔಷಧಾಲಯವೇ ಇಂದು ಬೃಹತ್ ಆಸ್ಪತ್ರೆಯಾಗಿ ಬೆಳೆದು ನಿಂತಿದೆ. ಮೂಡುಬಿದಿರೆಯ ಅಲಂಗಾರಿನಲ್ಲಿ ಮೊನ್ಸಿಂಜೊರ್ ಎಡ್ವಿನ್ ಪಿಂಟೊ ಅವರು ಕಟ್ಟಿದ ಮೌಂಟ್ ರೋಸರಿಯಲ್ಲಿ ಅನಾಥರನ್ನೂ ವೃದ್ಧರನ್ನೂ ಧರ್ಮಭಗಿನಿಯರು ಪೋಷಿಸುತ್ತ ಬಂದಿದ್ದಾರೆ. ಇಂತಹ ಪರಂಪರೆಯಿರುವುದರಿಂದಲೇ ‘ನರ್ಸಿಂಗ್’ ಎಂಬ ಪದ ಕೇಳಿದೊಡನೆ ನಮ್ಮ ತಂದೆತಾಯಿಗಳಿಗೆ ನಂಬಿಕೆ ಹುಟ್ಟುತ್ತದೆ. ಆ ನಂಬಿಕೆಯನ್ನು ದುರುಪಯೋಗಪಡಿಸಿಕೊಳ್ಳುವವರೂ ಇದ್ದಾರೆ.

ಇಲ್ಲಿ ಕೆಲವು ವಿಷಯಗಳನ್ನು ಬಿಡಿಸಿ ಹೇಳಬೇಕಾಗಿದೆ. ಎ.ಎನ್.ಎಂ. ಎರಡು ವರ್ಷಗಳ ಶಿಕ್ಷಣ, ಜಿ.ಎನ್.ಎಂ. ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಇವುಗಳಲ್ಲಿ ತೇರ್ಗಡೆಯಾದವರ ಹೆಸರು ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ದಾಖಲಾಗುತ್ತದೆ. ಆ ದಾಖಲೆಯಿದ್ದರೆ ಮಾತ್ರ ದಾದಿ. ಆರು ತಿಂಗಳ ಅಥವಾ ಒಂದು ವರ್ಷದ ‘ನರ್ಸಿಂಗ್ ಕೋರ್ಸ್’ ಮುಗಿಸಿದವಳು ಎಷ್ಟೇ ಚತುರೆಯಾಗಿರಲಿ, ಕೌನ್ಸಿಲಿನ ಪಟ್ಟಿಯಲ್ಲಿ ಅವಳ ಹೆಸರು ಸೇರುವುದಿಲ್ಲ. ಬಿಳಿ ಸಮವಸ್ತ್ರ ತೊಡಿಸಿ, ಹಾರ ಹಾಕಿ, ದೀಪ ಹಿಡಿಸಿ ಫೋಟೋ ತೆಗೆದ ಮಾತ್ರಕ್ಕೆ ಈ ಸ್ಥಿತಿ ಬದಲಾಗದು.

ಹಾಗೆಂದು ಸಹಾಯಕಿಯ ತರಬೇತಿಗೆ ಬೆಲೆಯೇ ಇಲ್ಲವೆಂದಲ್ಲ. ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಎಂಬ ಸಂಸ್ಥೆಯು ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಎಂಬ ಹೆಸರಿನಲ್ಲಿ ಈ ಕೆಲಸಕ್ಕೆ ಪಠ್ಯವನ್ನೂ ಮಟ್ಟವನ್ನೂ ಗೊತ್ತುಪಡಿಸಿದೆ. ಮನೆಯಲ್ಲಿ ಆರೈಕೆ ಮಾಡುವವರಿಗೆ ‘ಹೋಂ ಹೆಲ್ತ್ ಏಡ್’ ಎಂಬ ಪ್ರತ್ಯೇಕ ತರಬೇತಿಯಿದೆ. ಹಾಸಿಗೆ ಹಿಡಿದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ ಬೆನ್ನಿನಲ್ಲಿ ಹುಣ್ಣಾಗದಂತೆ ನೋಡಿಕೊಳ್ಳುವುದು, ಸೊಂಟಕ್ಕೆ ಪೆಟ್ಟಾಗದಂತೆ ರೋಗಿಯನ್ನು ಎತ್ತಿ ಕುರ್ಚಿಗೆ ಕೂರಿಸುವುದು, ಜ್ವರ, ನಾಡಿ, ರಕ್ತದೊತ್ತಡಗಳನ್ನು ನೋಡಿ ಬರೆದಿಡುವುದು, ಕುಡಿದ ನೀರಿನ ಹಾಗೂ ಹೋದ ಮೂತ್ರದ ಲೆಕ್ಕವಿಡುವುದು, ಇವೆಲ್ಲ ಕಲಿತೇ ಬರಬೇಕಾದ ವಿದ್ಯೆ. ಮಗ್ಗುಲು ಹುಣ್ಣು ಒಮ್ಮೆ ಆಳಕ್ಕಿಳಿದರೆ ಗುಣವಾಗಲು ತಿಂಗಳುಗಳೇ ಬೇಕು. ಅದನ್ನು ಬಾರದಂತೆ ತಡೆಯುವವಳು ಇವಳೇ. ಸ್ವಂತ ನಿರ್ಧಾರದಿಂದ ಇಂಜೆಕ್ಷನ್ ಕೊಡುವುದು, ಡ್ರಿಪ್ ಹಾಕುವುದು ಮಾತ್ರ ಅವಳ ಕೆಲಸವಲ್ಲ. ‘ನೀನು ನರ್ಸ್ ಅಲ್ಲವೇ, ಒಂದು ಇಂಜೆಕ್ಷನ್ ಕೊಡು’ ಎಂದು ಮನೆಯವರು ಒತ್ತಾಯಿಸಿದಾಗ ‘ಬಾರದು’ ಎನ್ನುವ ಧೈರ್ಯವೂ ತರಬೇತಿಯ ಭಾಗವಾಗಬೇಕು.

ಪ್ರಮಾಣಪತ್ರದ ಮಹತ್ವ ತಿಳಿಯುವುದು ಪರದೇಶಕ್ಕೆ ಹೊರಟಾಗ. ನಮ್ಮ ಕರಾವಳಿಯಿಂದ ಇಸ್ರೇಲಿಗೆ ಆರೈಕೆಯ ಕೆಲಸಕ್ಕೆ ಹೋದವರು ಬಹಳ ಮಂದಿ. ಜಾಫಾದ ಸಂತ ಅಂತೋನಿ ದೇವಾಲಯದಲ್ಲಿ ಕೊಂಕಣಿ ಪೂಜೆ ನಡೆಯುತ್ತದೆಂದರೆ ಅವರ ಸಂಖ್ಯೆಯನ್ನು ಊಹಿಸಬಹುದು. 2023ರ ಅಕ್ಟೋಬರಿನಲ್ಲಿ ಅಲ್ಲಿ ಯುದ್ಧ ಭುಗಿಲೆದ್ದಾಗ ಇಲ್ಲಿನ ಎಷ್ಟೋ ಮನೆಗಳಲ್ಲಿ ರಾತ್ರಿಯ ತೇರ್ಸ ಮುಗಿದ ಮೇಲೂ ಯಾರೂ ಮಲಗಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಉಭಯ ದೇಶಗಳು 42,000 ಭಾರತೀಯ ಕೆಲಸಗಾರರ ಕುರಿತು ಒಪ್ಪಂದ ಮಾಡಿಕೊಂಡಿದ್ದವು. ಅದರಲ್ಲಿ 8,000 ಮಂದಿ ಆರೈಕೆಯ ಕೆಲಸಕ್ಕೆ. 2024ರಲ್ಲಿ 5,000 ಆರೈಕೆದಾರರ ಆಯ್ಕೆಗೆ ಪ್ರಕಟಣೆ ಹೊರಟಾಗ ಕೇಳಿದ ಅರ್ಹತೆ ಹತ್ತನೆಯ ತರಗತಿ, ಮಾನ್ಯತೆ ಪಡೆದ ಸಂಸ್ಥೆಯ ಪ್ರಮಾಣಪತ್ರ ಹಾಗೂ ಕನಿಷ್ಠ 990 ಗಂಟೆಗಳ ಆರೈಕೆ ತರಬೇತಿ. ದಿನಕ್ಕೆ ಆರು ಗಂಟೆ, ವಾರಕ್ಕೆ ಆರು ದಿನ ಕಲಿತರೂ ಇದಕ್ಕೆ ಆರು ತಿಂಗಳಿಗೂ ಮಿಕ್ಕಿ ಬೇಕು. ‘ಮೂರು ತಿಂಗಳಲ್ಲಿ ಇಸ್ರೇಲ್’ ಎನ್ನುವವರ ಮಾತನ್ನು ಈ ಲೆಕ್ಕಕ್ಕೆ ಹಚ್ಚಿ ನೋಡಬಹುದು.

ಏಜೆಂಟರ ವಿಷಯದಲ್ಲೂ ಎಚ್ಚರ ಅಗತ್ಯ. 1983ರ ವಲಸೆ ಕಾಯ್ದೆಯಂತೆ ನೋಂದಾಯಿತ ಏಜೆಂಟರು ಮಾತ್ರ ವಿದೇಶದ ಕೆಲಸಕ್ಕೆ ಜನರನ್ನು ಆರಿಸಬಹುದು. ಅವರು ಪಡೆಯಬಹುದಾದ ಸೇವಾಶುಲ್ಕಕ್ಕೆ ಸರಕಾರ ವಿಧಿಸಿರುವ ಮಿತಿ ತೆರಿಗೆಯ ಹೊರತು 30,000 ರೂಪಾಯಿ, ಅದೂ ರಶೀದಿಯೊಡನೆ. ಮನೆಯ ಚಿನ್ನ ಅಡವಿಟ್ಟು ಲಕ್ಷಗಟ್ಟಲೆ ಕೊಟ್ಟವರು ನಮ್ಮ ನಡುವೆಯೇ ಇದ್ದಾರೆ. ಸೇರುವ ಮೊದಲೇ ಪ್ರಮಾಣಪತ್ರ ನೀಡುವವರು ಯಾರು, ಪರೀಕ್ಷೆ ನಡೆಸುವವರು ಯಾರು, ಯಾವ ಆಸ್ಪತ್ರೆಯಲ್ಲಿ ಎಷ್ಟು ಗಂಟೆ ಪ್ರಾಯೋಗಿಕ ಕಲಿಕೆ ಎಂದು ಬರಹದಲ್ಲಿ ಕೇಳಿ ಪಡೆಯುವುದು ಒಳಿತು. ನಮ್ಮ ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನಗಳಲ್ಲಿ ಈ ವಿವರಗಳನ್ನು ವಾಳೆಯ ಸಭೆಗಳಲ್ಲಿ ಓದಿ ಹೇಳಿದರೆ ಎಷ್ಟೋ ಮನೆಗಳು ಉಳಿದಾವು.

ಇನ್ನು, ಹೋಂ ನರ್ಸನ್ನು ನೇಮಿಸಿಕೊಳ್ಳುವವರೂ ನಾವೇ. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರುವ ದೊಡ್ಡ ಮನೆಗಳಲ್ಲಿ ವೃದ್ಧ ತಂದೆತಾಯಿಯ ಜೊತೆಗಿರುವವಳು ಅವಳೊಬ್ಬಳೇ. ರಾತ್ರಿಯಿಡೀ ಎಚ್ಚರವಿದ್ದವಳಿಗೆ ಹಗಲು ದನದ ಕೊಟ್ಟಿಗೆಯ ಕೆಲಸವನ್ನೂ ಹೊರಿಸುವ ಮನೆಗಳುಂಟು. ‘ದೇವರ ಸೇವೆಯಲ್ಲವೇ’ ಎಂದು ಸಂಬಳ ಕಡಿತಗೊಳಿಸುವ ಮನೆಗಳೂ ಉಂಟು. ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದ ದಯಾಳು ಸಮಾರಿಯದವನು ಗಾಯಾಳುವನ್ನು ಛತ್ರಕ್ಕೆ ಒಯ್ದು ಒಂದು ರಾತ್ರಿ ತಾನೇ ಆರೈಕೆ ಮಾಡಿದ. ಮರುದಿನ ಹೊರಡುವಾಗ ಛತ್ರದವನ ಕೈಗೆ ಎರಡು ಬೆಳ್ಳಿಯ ನಾಣ್ಯಗಳನ್ನಿತ್ತ, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುವೆನೆಂದೂ ನುಡಿದ. ಪ್ರವಚನಗಳಲ್ಲಿ ಈ ನಾಣ್ಯಗಳ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಹೋಂ ನರ್ಸನ್ನು ಗೊತ್ತುಮಾಡುವಾಗಲೇ ಸಂಬಳ, ನಿದ್ದೆಯ ಹೊತ್ತು, ವಾರದ ರಜೆ ಇವನ್ನು ಕಾಗದದಲ್ಲಿ ಬರೆದುಕೊಳ್ಳಬಹುದು. ಭಾನುವಾರ ಅವಳು ಪೂಜೆಗೆ ಹೋದ ಎರಡು ಗಂಟೆ ಅಜ್ಜಿಯ ಬಳಿ ಕುಳಿತುಕೊಳ್ಳುವವರು ಯಾರೆಂಬುದನ್ನೂ.